ಇನ್ನು ಗುಣವಾಗದು ಎಂದು ತಿಳಿದ ಮೇಲೆ: ಹೆತ್ತವರ ಕೊನೆಯ ದಿನಗಳ ಆರೈಕೆಗೆ ಅಣಿಯಾಗುವ ಬಗೆ

"ಇನ್ನು ಮಾಡುವುದಕ್ಕೆ ಏನೂ ಉಳಿದಿಲ್ಲ, ಮನೆಗೆ ಕರೆದುಕೊಂಡು ಹೋಗಿ." ಅಪ್ಪನ ಕ್ಯಾನ್ಸರ್ ಯಕೃತ್ತಿಗೂ ಹರಡಿದೆ ಎಂದು ಗೊತ್ತಾದ ದಿನ ವೈದ್ಯರು ನಮಗೆ ಹೇಳಿದ್ದು ಇಷ್ಟೇ. ಆ ಮಾತಿನಲ್ಲಿ ಅರ್ಧ ಮಾತ್ರ ನಿಜವಿತ್ತು. ರೋಗವನ್ನು ವಾಸಿ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ನೋವು, ಏದುಸಿರು, ವಾಕರಿಕೆ, ನಿದ್ದೆಗೇಡು, ಭಯ, ಇವುಗಳಿಗೆ ಮಾಡಬಹುದಾದದ್ದು ಬೇಕಾದಷ್ಟಿತ್ತು. ಹಾಗೆಂದು ಹೇಳುವವರು ನಮಗೆ ಸಿಕ್ಕಿದ್ದು ಐದು ವಾರ ಕಳೆದ ಮೇಲೆ. ಆ ಐದು ವಾರ ಅಪ್ಪ ಪಟ್ಟ ಪಾಡಿನಲ್ಲಿ ಬಹುಪಾಲನ್ನು ತಪ್ಪಿಸಬಹುದಿತ್ತು ಎಂಬ ಸಂಕಟ ನನ್ನನ್ನು ಇನ್ನೂ ಬಿಟ್ಟಿಲ್ಲ. ನಿಮ್ಮ ಮನೆಯಲ್ಲಿ ಹಾಗಾಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಕೊನೆಯ ದಿನಗಳ ನೆಮ್ಮದಿ ತಾನಾಗಿ ಒದಗಿ ಬರುವುದಿಲ್ಲ. ನಡುರಾತ್ರಿ ಎರಡು ಗಂಟೆಗೆ ಬರುವ ಕಷ್ಟಕ್ಕೆ ಹಗಲು ಹೊತ್ತಿನಲ್ಲೇ ಸಿದ್ಧರಾಗಿರಬೇಕು. ಮುಂದೆ ಹೇಳುವುದೆಲ್ಲ ಆ ಸಿದ್ಧತೆಯ ವಿಷಯ. ಔಷಧದ ಹೆಸರು ಬಂದ ಕಡೆಯೆಲ್ಲ ಅದರ ಪ್ರಮಾಣವನ್ನು ನಿರ್ಧರಿಸುವವರು ನಿಮ್ಮ ವೈದ್ಯರೇ ಎಂಬುದು ನೆನಪಿರಲಿ.

1. ಉಪಶಾಮಕ ಆರೈಕೆಯವರನ್ನು ಈಗಲೇ ಹುಡುಕಿ

ರೋಗ ವಾಸಿಯಾಗದಿದ್ದರೂ ರೋಗಿಯ ಯಾತನೆಯನ್ನು ಇಳಿಸುವ ವೈದ್ಯಕೀಯ ವಿಭಾಗವೇ ಇದೆ. ಕನ್ನಡದಲ್ಲಿ ಉಪಶಾಮಕ ಆರೈಕೆ ಎನ್ನುತ್ತಾರೆ, ಆಸ್ಪತ್ರೆಗಳಲ್ಲಿ ಪ್ಯಾಲಿಯೇಟಿವ್ ಕೇರ್ ಎಂದು ಕೇಳಿದರೆ ಗೊತ್ತಾಗುತ್ತದೆ. ಇದಕ್ಕೆ ಇಂದಿನ ರೂಪ ಕೊಟ್ಟವರು ಸಿಸಿಲಿ ಸಾಂಡರ್ಸ್. ಮೊದಲು ನರ್ಸ್ ಆಗಿ, ಆಮೇಲೆ ಆಸ್ಪತ್ರೆಯ ಸಮಾಜ ಕಾರ್ಯಕರ್ತೆಯಾಗಿ ದುಡಿದು, ಕೊನೆಗೆ ವೈದ್ಯೆಯಾದ ಅವರು 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ (ಕೊನೆಯ ದಿನಗಳ ರೋಗಿಗಳನ್ನು ಇರಿಸಿಕೊಂಡು ಆರೈಕೆ ಮಾಡುವ ತಾಣ) ತೆರೆದರು. ಸಾಯುತ್ತಿರುವವರ ನೋವು ಮೈಯಲ್ಲಿ ಮಾತ್ರ ಇರುವುದಿಲ್ಲ, ಮನಸ್ಸು, ಸಂಸಾರ, ನಂಬಿಕೆ ಎಲ್ಲವೂ ಅದರಲ್ಲಿ ಸೇರಿಕೊಂಡಿರುತ್ತವೆ ಎಂದು ಅವರು ಕಂಡುಕೊಂಡಿದ್ದರು. ಆದ್ದರಿಂದಲೇ ಈ ತಂಡದಲ್ಲಿ ವೈದ್ಯರ ಜೊತೆಗೆ ನರ್ಸ್, ಆಪ್ತಸಮಾಲೋಚಕರು, ಸಮಾಜ ಕಾರ್ಯಕರ್ತರೂ ಇರುತ್ತಾರೆ.

ಇದು ಕ್ಯಾನ್ಸರ್ ರೋಗಿಗಳಿಗಷ್ಟೇ ಎಂದುಕೊಳ್ಳಬೇಡಿ. ಹೃದಯ ವೈಫಲ್ಯ, ಮೂತ್ರಪಿಂಡ ವೈಫಲ್ಯ, ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ಮುಂದುವರಿದ ಮರೆವಿನ ಕಾಯಿಲೆ, ಎಲ್ಲಕ್ಕೂ ಸಲ್ಲುತ್ತದೆ. "ಇನ್ನೂ ಆ ಹಂತಕ್ಕೆ ಬಂದಿಲ್ಲ" ಎಂದು ಮುಂದೂಡುವುದೂ ಬೇಡ. 2010ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಬಂದ ಒಂದು ಅಧ್ಯಯನದಲ್ಲಿ, ಬೇರೆ ಅಂಗಗಳಿಗೆ ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದವರಲ್ಲಿ ಕೆಲವರಿಗೆ ರೋಗ ಪತ್ತೆಯಾದ ಹೊಸತರಲ್ಲೇ ಉಪಶಾಮಕ ಆರೈಕೆಯನ್ನೂ ಆರಂಭಿಸಿದರು. ಅವರಲ್ಲಿ ಖಿನ್ನತೆ ಕಡಿಮೆಯಿತ್ತು, ಕೊನೆಗಾಲದ ಕಠಿಣ ಚಿಕಿತ್ಸೆಗಳೂ ಕಡಿಮೆಯಾದವು. ಆದರೂ ಅವರು ಉಳಿದವರಿಗಿಂತ ಎರಡೂವರೆ ತಿಂಗಳಿಗೂ ಹೆಚ್ಚು ಕಾಲ ಬದುಕಿದರು.

ಚಿಕಿತ್ಸೆ ಕೊಡುತ್ತಿರುವ ವೈದ್ಯರನ್ನೇ ಶಿಫಾರಸು ಪತ್ರ ಕೇಳಿ. ಅವರು "ಅದೆಲ್ಲ ಯಾಕೆ" ಎಂದರೂ ಬಿಡಬೇಡಿ. ತಂಡ ಸಿಕ್ಕ ಮೇಲೆ ಮೂರು ವಿಷಯ ವಿಚಾರಿಸಿ: ಮನೆಗೆ ಬಂದು ನೋಡುತ್ತಾರೆಯೇ, ರಾತ್ರಿ ಫೋನ್ ಮಾಡಿದರೆ ಎತ್ತುವವರು ಯಾರು, ತೀವ್ರ ನೋವಿಗೆ ಕೊಡುವ ಮಾರ್ಫಿನ್ ಔಷಧವನ್ನು ಬರೆದುಕೊಡುವ ಮತ್ತು ಕೊಡುವ ಅಧಿಕಾರ ಅವರಿಗೆ ಇದೆಯೇ. ಮೂರನೆಯದನ್ನು ಕೇಳಲು ನಾವು ಮರೆತಿದ್ದೆವು.

2. ವೈದ್ಯರನ್ನು ನೇರವಾಗಿ ಕೇಳಿ

"ಎಷ್ಟು ದಿನ?" ಎಂದರೆ ಉತ್ತರ ಸಿಗುವುದು ಕಷ್ಟ. "ತಿಂಗಳುಗಳ ಲೆಕ್ಕವೋ, ವಾರಗಳ ಲೆಕ್ಕವೋ, ದಿನಗಳ ಲೆಕ್ಕವೋ?" ಎಂದು ಕೇಳಿದರೆ ಹೆಚ್ಚಿನ ವೈದ್ಯರು ಹೇಳುತ್ತಾರೆ. ಆ ಉತ್ತರದ ಮೇಲೆ ರಜೆ, ಹಣ, ದೂರದಲ್ಲಿರುವ ಒಡಹುಟ್ಟಿದವರನ್ನು ಕರೆಸುವುದು ಎಲ್ಲವೂ ನಿಂತಿರುತ್ತದೆ.

ಹೊಸ ಪರೀಕ್ಷೆ, ಹೊಸ ಚಿಕಿತ್ಸೆಯ ಮಾತು ಬಂದಾಗಲೆಲ್ಲ "ಇದರಿಂದ ಅವರಿಗೆ ಏನು ಹಗುರವಾಗುತ್ತದೆ?" ಎಂದು ವಿಚಾರಿಸಿ. ದಿನವೂ ನುಂಗುತ್ತಿರುವ ಹಳೆಯ ಮಾತ್ರೆಗಳ ಪಟ್ಟಿಯನ್ನೂ ಮುಂದಿಡಿ. ಹತ್ತು ವರ್ಷಗಳ ನಂತರದ ಹೃದಯಾಘಾತವನ್ನು ತಡೆಯಲೆಂದು ಕೊಟ್ಟ ಕೊಲೆಸ್ಟರಾಲ್ ಮಾತ್ರೆ, ಬದುಕು ವಾರಗಳಲ್ಲಿ ಉಳಿದಿರುವವರಿಗೆ ಹೊರೆಯಷ್ಟೇ. ಆದರೆ ನೀವೇ ಯಾವುದನ್ನೂ ನಿಲ್ಲಿಸಬೇಡಿ. ಕೆಲವನ್ನು ಥಟ್ಟನೆ ನಿಲ್ಲಿಸಿದರೆ ಅಪಾಯ.

3. ಅವರ ಇಷ್ಟವನ್ನು ಕೇಳಿ, ಬರೆದಿಡಿ

ಮನೆಮಂದಿಯೆಲ್ಲ ತಪ್ಪಿಸಿಕೊಂಡು ಓಡುವುದು ಈ ಮಾತಿನಿಂದಲೇ. ನಾನೂ ಓಡಿದೆ. ಒಂದು ಸಂಜೆ ಅಪ್ಪನೇ, "ನನ್ನ ಮುಂದೆ ಯಾರೂ ಜೋರಾಗಿ ಮಾತಾಡುವುದಿಲ್ಲ ಈಗ" ಎಂದರು. ಅವರಿಗೆ ಎಲ್ಲವೂ ಗೊತ್ತಿತ್ತು. ಮುಚ್ಚಿಡಲು ನಾವು ಪಡುತ್ತಿದ್ದ ಪಾಡೂ ಗೊತ್ತಿತ್ತು.

ಸಾವಿನಿಂದ ಮಾತು ಶುರುಮಾಡಬೇಕಾಗಿಲ್ಲ. "ಕಾಯಿಲೆಯ ಬಗ್ಗೆ ನಿಮಗೆ ಏನನ್ನಿಸುತ್ತಿದೆ?" ಎಂದು ಕೇಳಿ ಸುಮ್ಮನಿರಿ. ಅವರು ಎಷ್ಟು ತಿಳಿಯಬಯಸುತ್ತಾರೋ ಅಷ್ಟು ಹೇಳಿ, ಬೇಡವೆಂದರೆ ಬಿಡಿ. ಆದರೆ ಕೆಲವನ್ನು ತಿಳಿದುಕೊಳ್ಳಲೇಬೇಕು. ಕೊನೆಯ ದಿನಗಳಲ್ಲಿ ಎಲ್ಲಿರಲು ಇಷ್ಟ? ಉಸಿರು ತೀರಾ ಕಷ್ಟವಾದರೆ ಐಸಿಯು, ವೆಂಟಿಲೇಟರ್ ಬೇಕೇ? ತಾವೇ ಹೇಳಲಾಗದ ಸ್ಥಿತಿ ಬಂದರೆ ತಮ್ಮ ಪರವಾಗಿ ಯಾರು ನಿರ್ಧರಿಸಬೇಕು? ಯಾರನ್ನು ನೋಡಬೇಕೆಂದಿದೆ, ಯಾರು ಬರುವುದು ಬೇಡ?

ಹೃದಯ ನಿಂತಾಗ ಎದೆ ಒತ್ತಿ ಮರುಚಾಲನೆ ಮಾಡುವ ಪ್ರಯತ್ನದ ಬಗ್ಗೆಯೂ ಮುಂಚೆಯೇ ತೀರ್ಮಾನವಾಗಬೇಕು. ರೋಗ ಕೊನೆಯ ಹಂತ ಮುಟ್ಟಿದ ಹಿರಿಯರಲ್ಲಿ ಇದು ಫಲಿಸುವುದು ತೀರಾ ಅಪರೂಪ. ಪಕ್ಕೆಲುಬು ಮುರಿಯುವುದು ಮಾತ್ರ ಸಾಮಾನ್ಯ. ಅವರ ಇಷ್ಟವನ್ನು ಲಿವಿಂಗ್ ವಿಲ್ (ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂದು ಮುಂಚೆಯೇ ಬರೆದಿಡುವ ಪತ್ರ) ರೂಪದಲ್ಲಿ, ನೀವಿರುವ ಕಡೆಯ ಕಾನೂನು ಕೇಳುವ ಸಹಿ ಮತ್ತು ಸಾಕ್ಷಿಗಳೊಂದಿಗೆ ಬರೆಸಿ. ಒಂದು ಪ್ರತಿ ವೈದ್ಯರ ಬಳಿ ಇರಲಿ, ಒಂದು ಮಂಚದ ಹತ್ತಿರ ಇರಲಿ. ಮನೆಯವರೆಲ್ಲರೂ ಅದನ್ನು ಓದಿರಲಿ. ದೂರದಿಂದ ಕೊನೆಯಲ್ಲಿ ಬಂದವರು "ಆಸ್ಪತ್ರೆಗೆ ಏಕೆ ಸೇರಿಸಲಿಲ್ಲ?" ಎಂದು ಕೂಗಾಡುವಾಗ ಕೈಗೆ ಕೊಡಲು ಆ ಕಾಗದ ಬೇಕಾಗುತ್ತದೆ.

4. ಕೋಣೆ ಮತ್ತು ಒಂದು ನೋಟ್‌ಬುಕ್

ಬಚ್ಚಲಿಗೆ ಹತ್ತಿರವಾದ, ಬೆಳಕು ಬರುವ ಕೋಣೆ ಸಾಕು. ತಲೆಭಾಗವನ್ನು ಎತ್ತಬಹುದಾದ ಆಸ್ಪತ್ರೆ ಮಂಚ, ಗಾಳಿ ಹಾಸಿಗೆ, ಕಮೋಡ್ ಕುರ್ಚಿಗಳನ್ನು ಕೊಳ್ಳಬೇಕಾಗಿಲ್ಲ, ಬಾಡಿಗೆಗೆ ಸಿಗುತ್ತವೆ. ಮಂಚದ ಮೂರು ಕಡೆ ಓಡಾಡಲು ಜಾಗ ಬಿಡಿ, ಎತ್ತಿ ಹೊರಳಿಸುವಾಗ ಇಬ್ಬರು ನಿಲ್ಲಬೇಕಾಗುತ್ತದೆ. ಕೈಗೆಟುಕುವಲ್ಲಿ ಬಾರಿಸಿ ಕರೆಯಲು ಒಂದು ಗಂಟೆ ಇಡಿ.

ನೋಟ್‌ಬುಕ್ಕಿನಲ್ಲಿ ಔಷಧ ಕೊಟ್ಟ ಸಮಯ, ನೋವಿನ ಅಂಕ, ಮಲ, ಮೂತ್ರ, ನಿದ್ದೆ, ಇಷ್ಟನ್ನು ಬರೆಯುತ್ತ ಹೋಗಿ. ಮೊದಲ ಪುಟದಲ್ಲಿ ಫೋನ್ ನಂಬರುಗಳನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ. ಸರದಿ ಬದಲಾಗುವಾಗ "ಮಾತ್ರೆ ಕೊಟ್ಟೆಯಾ?" ಎಂಬ ಗೊಂದಲ ಇರುವುದಿಲ್ಲ.

5. ನೋವು: ಇಲ್ಲಿ ರಾಜಿ ಬೇಡ

ಹಿರಿಯರು ನೋವನ್ನು ಹೇಳಿಕೊಳ್ಳುವುದು ಕಡಿಮೆ. ಅಪ್ಪನನ್ನು ಎಷ್ಟು ಸಲ ಕೇಳಿದರೂ ಬರುತ್ತಿದ್ದ ಉತ್ತರ ಒಂದೇ: "ಏನೂ ಇಲ್ಲಮ್ಮ, ನೀನು ಮಲಗು." ಹಾಗೆನ್ನುವಾಗ ಅವರ ಎಡಗೈ ಹೊದಿಕೆಯೊಳಗೆ ಹಾಸಿಗೆಯ ಅಂಚನ್ನು ಗಟ್ಟಿಯಾಗಿ ಹಿಡಿದಿರುತ್ತಿತ್ತು. ಬಟ್ಟೆ ಸುಕ್ಕುಗಟ್ಟಿರುವುದನ್ನು ಬೆಳಿಗ್ಗೆ ಹಾಸಿಗೆ ಸರಿಮಾಡುವಾಗ ನೋಡುತ್ತಿದ್ದೆ, ಅದರ ಅರ್ಥ ಹೊಳೆಯಲು ಬಹಳ ದಿನ ಹಿಡಿಯಿತು. ಆದ್ದರಿಂದ "ನೋವಿದೆಯಾ?" ಎಂದು ಕೇಳುವ ಬದಲು "ಸೊನ್ನೆಯಿಂದ ಹತ್ತರಲ್ಲಿ ಈಗ ಎಷ್ಟು?" ಎಂದು ಕೇಳಿ. ಮಾತು ನಿಂತವರಲ್ಲಿ ಗಂಟಿಕ್ಕಿದ ಹುಬ್ಬು, ನರಳಾಟ, ಬಿಗಿದ ಮುಷ್ಟಿ, ಹೊರಳಿಸುವಾಗ ಮೈ ಸೆಟೆದುಕೊಳ್ಳುವುದು, ಇವನ್ನೇ ಮಾತೆಂದು ತಿಳಿಯಿರಿ.

ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಕ್ಯಾನ್ಸರ್ ನೋವಿಗೆ ರೂಪಿಸಿದ ಮಾರ್ಗಸೂಚಿಯ ಎರಡು ಮಾತುಗಳು ಮನೆಯವರಿಗೆ ಇಂದಿಗೂ ಉಪಯುಕ್ತ. ಸಾಧ್ಯವಿರುವಷ್ಟು ಕಾಲ ಔಷಧವನ್ನು ಬಾಯಿಯ ಮೂಲಕವೇ ಕೊಡಬೇಕು. ಗಡಿಯಾರ ನೋಡಿ ಕೊಡಬೇಕು, ನೋವು ಬರುವುದನ್ನು ಕಾಯಬಾರದು. ಸಾಮಾನ್ಯ ಮಾರ್ಫಿನ್ ಪರಿಣಾಮ ಸುಮಾರು ನಾಲ್ಕು ಗಂಟೆ ಇರುತ್ತದೆ. ಐದನೇ ಗಂಟೆಯವರೆಗೆ ಕಾದರೆ, ಎದ್ದುನಿಂತ ನೋವನ್ನು ಮತ್ತೆ ಕೆಳಗಿಳಿಸಲು ಹೆಚ್ಚು ಔಷಧ ಬೇಕಾಗುತ್ತದೆ. ನಡುವೆ ನೋವು ಒಮ್ಮೆಲೇ ಹೆಚ್ಚಾದರೆ ಕೊಡಬೇಕಾದ ಹೆಚ್ಚುವರಿ ಡೋಸ್ ಎಷ್ಟು, ದಿನಕ್ಕೆ ಎಷ್ಟು ಸಲ ಕೊಡಬಹುದು ಎಂಬುದನ್ನು ವೈದ್ಯರಿಂದ ಬರೆಸಿಕೊಳ್ಳಿ.

ಮಾರ್ಫಿನ್ ಎಂದ ಕೂಡಲೇ ಮನೆಯಲ್ಲಿ ಹೆದರಿಕೆ ಶುರುವಾಗುತ್ತದೆ: ಚಟ ಹತ್ತುತ್ತದೆ, ಬೇಗ ಸಾಯುತ್ತಾರೆ. ನೋವಿಗೆ ತಕ್ಕಷ್ಟು, ವೈದ್ಯರ ನಿಗಾದಲ್ಲಿ ಏರಿಸುತ್ತ ಕೊಟ್ಟ ಮಾರ್ಫಿನ್ ಸಾವನ್ನು ಹತ್ತಿರ ತರುವುದಿಲ್ಲ. ಬದುಕು ವಾರಗಳಲ್ಲಿ ಉಳಿದಿರುವವರ ವಿಷಯದಲ್ಲಿ ಚಟದ ಭಯದಿಂದ ನೋವಿನ ಔಷಧ ತಡೆಹಿಡಿಯುವುದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿಲ್ಲ. ಮೊದಲ ಕೆಲವು ದಿನ ಮಂಪರು, ವಾಕರಿಕೆ ಇರಬಹುದು, ಸಾಮಾನ್ಯವಾಗಿ ತಗ್ಗುತ್ತವೆ. ಮಲಬದ್ಧತೆ ಮಾತ್ರ ತಾನಾಗಿ ತಗ್ಗುವುದಿಲ್ಲ. ಮಾರ್ಫಿನ್ ಶುರುವಾದ ದಿನವೇ ಮಲ ಸಡಿಲಿಸುವ ಔಷಧವೂ ಶುರುವಾಗಬೇಕು. ಬರೆದುಕೊಟ್ಟಿಲ್ಲವಾದರೆ ಕೇಳಿ ಬರೆಸಿ.

ಮೂತ್ರಪಿಂಡ ದುರ್ಬಲವಾಗಿದ್ದರೆ ಮಾರ್ಫಿನ್ ಮೈಯಲ್ಲಿ ಉಳಿದುಬಿಡುತ್ತದೆ, ಆ ವಿಷಯವನ್ನು ವೈದ್ಯರಿಗೆ ನೆನಪಿಸಿ. ದೀರ್ಘಕಾಲ ಕೆಲಸ ಮಾಡುವ ಮಾತ್ರೆಗಳನ್ನು ಪುಡಿಮಾಡಬೇಡಿ, ಹನ್ನೆರಡು ಗಂಟೆಯ ಔಷಧ ಒಮ್ಮೆಗೇ ಮೈಗೇರುತ್ತದೆ. ನೋವಿನ ಔಷಧವಿರುವ ಅಂಟುಪಟ್ಟಿಯನ್ನು (ಪ್ಯಾಚ್) ಚರ್ಮಕ್ಕೆ ಅಂಟಿಸಿದ್ದರೆ ಅದರ ಮೇಲೆ ಬಿಸಿನೀರಿನ ಚೀಲ ಇಡಬೇಡಿ. ಎಬ್ಬಿಸಿದರೂ ಏಳದಷ್ಟು ಮಂಪರು, ಉಸಿರು ತೀರಾ ನಿಧಾನವಾಗುವುದು ಕಂಡರೆ ತಡಮಾಡದೆ ತಂಡಕ್ಕೆ ಫೋನ್ ಮಾಡಿ. ನುಂಗಲಾಗದ ದಿನ ಬಂದಾಗ ನಾಲಿಗೆಯಡಿ ಹಾಕುವ ಹನಿ, ಚರ್ಮದಡಿಗೆ ನಿಧಾನವಾಗಿ ಔಷಧ ಇಳಿಸುವ ಸಣ್ಣ ಪಂಪ್, ಇವೆಲ್ಲ ಇವೆ. ಆ ದಿನ ಬರುವ ಮೊದಲೇ ಯಾವುದೆಂದು ತೀರ್ಮಾನಿಸಿ, ತಂದಿಟ್ಟುಕೊಳ್ಳಿ.

6. ಚಡಪಡಿಕೆಗೆ ಕಾರಣ ಹುಡುಕಿ

ಅಪ್ಪ ತೀರಿಕೊಳ್ಳುವ ಒಂಬತ್ತು ದಿನ ಮುಂಚೆ ಒಂದು ರಾತ್ರಿ ಅವರು ಮಲಗಲೇ ಇಲ್ಲ. ಹೊದಿಕೆ ಕಿತ್ತು ಹಾಕುತ್ತಿದ್ದರು, ಕಾಲನ್ನು ಮಂಚದಿಂದ ಇಳಿಬಿಡುತ್ತಿದ್ದರು, ನನ್ನನ್ನು ಗುರುತಿಸದೆ ತೀರಿಹೋದ ಅತ್ತೆಯ ಹೆಸರು ಹಿಡಿದು ಕರೆಯುತ್ತಿದ್ದರು. ನೋವಿರಬೇಕೆಂದು ಅನುಮತಿಯಿದ್ದ ಹೆಚ್ಚುವರಿ ಡೋಸ್ ಕೊಟ್ಟೆ. ಚಡಪಡಿಕೆ ಇನ್ನೂ ಹೆಚ್ಚಾಯಿತು. ಬೆಳಿಗ್ಗೆ ನರ್ಸ್ ಬಂದವರು ಏನೂ ಕೇಳದೆ ಮೊದಲು ಅಪ್ಪನ ಕಿಬ್ಬೊಟ್ಟೆಯ ಮೇಲೆ ಅಂಗೈ ಇಟ್ಟರು. ನನ್ನ ಕೈಯನ್ನೂ ಅಲ್ಲಿ ಇರಿಸಿದರು. ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಮೂತ್ರ ಹೊರತೆಗೆಯುವ ನಳಿಕೆ, ಕ್ಯಾತಿಟರ್, ಹಾಕಿದ ಕೆಲವೇ ನಿಮಿಷಗಳಲ್ಲಿ ಚೀಲದಲ್ಲಿ ಒಂಬೈನೂರು ಮಿಲಿಲೀಟರ್ ತುಂಬಿತು. ಅಪ್ಪನ ಹುಬ್ಬು ಸಡಿಲವಾಯಿತು, ಬಾಯಿ ಅರೆತೆರೆದು ನಿದ್ದೆಹೋದರು. ಮೂತ್ರ ಕಟ್ಟುವುದು ಮಾರ್ಫಿನ್ನಿನದೇ ಒಂದು ಅಡ್ಡಪರಿಣಾಮವೆಂದು ಆಗ ತಿಳಿಯಿತು. ಹಿಂದಿನ ಮಧ್ಯಾಹ್ನದಿಂದ ಮೂತ್ರದ ಕಾಲಂ ಖಾಲಿಯಿದ್ದುದು ನೋಟ್‌ಬುಕ್ಕಿನಲ್ಲೇ ಇತ್ತು, ನಾನು ನೋಡಿರಲಿಲ್ಲ.

ಆದ್ದರಿಂದ ಚಡಪಡಿಕೆ ಕಂಡಾಗ ಈ ಕ್ರಮದಲ್ಲಿ ನೋಡಿ: ಮೂತ್ರ ಹೋಗಿ ಎಷ್ಟು ಹೊತ್ತಾಯಿತು, ಮಲ ಹೋಗಿ ಎಷ್ಟು ದಿನವಾಯಿತು, ಡಯಾಪರ್ ಒದ್ದೆಯಾಗಿದೆಯೇ, ಮೈ ಬಿಸಿಯಿದೆಯೇ, ಔಷಧದ ಹೊತ್ತು ಮೀರಿದೆಯೇ, ಹೊಸ ಔಷಧ ಏನಾದರೂ ಸೇರಿದೆಯೇ. ಕಾಯಿಲೆಯವರಲ್ಲಿ ಹಠಾತ್ತನೆ ಬರುವ ಗೊಂದಲ, ಇಲ್ಲದ್ದು ಕಾಣುವುದು, ಹಗಲು ರಾತ್ರಿ ಅದಲುಬದಲಾಗುವುದು, ಇದನ್ನು ಸನ್ನಿ ಎನ್ನುತ್ತಾರೆ. ವಾದ ಮಾಡಬೇಡಿ, ಕೈಕಾಲು ಕಟ್ಟಬೇಡಿ. ಮಂದ ಬೆಳಕು ಉರಿಸಿ, ಪರಿಚಿತ ದನಿಯಲ್ಲಿ ನಿಧಾನವಾಗಿ ಮಾತಾಡಿ, ಕನ್ನಡಕ, ಶ್ರವಣಯಂತ್ರ ಹಾಕಿ. ಸರಿಹೋಗದಿದ್ದರೆ ಇದಕ್ಕೂ ಔಷಧವಿದೆ, ತಂಡಕ್ಕೆ ಹೇಳಿ.

7. ಏದುಸಿರು

ದಿಂಬುಗಳ ಆಸರೆ ಕೊಟ್ಟು ಕೂರಿಸಿ, ಕಿಟಕಿ ತೆರೆಯಿರಿ, ಸಣ್ಣ ಫ್ಯಾನಿನ ಗಾಳಿ ನೇರವಾಗಿ ಮುಖಕ್ಕೆ ಬೀಸಲಿ. ಮುಖಕ್ಕೆ ತಾಗುವ ಗಾಳಿ ಏದುಸಿರಿನ ಕಷ್ಟವನ್ನು ನಿಜವಾಗಿಯೂ ತಗ್ಗಿಸುತ್ತದೆ. ರಕ್ತದಲ್ಲಿ ಆಮ್ಲಜನಕ ಸಾಕಷ್ಟಿದ್ದರೆ ಸಿಲಿಂಡರಿನಿಂದ ಹೆಚ್ಚಿನ ಲಾಭವಿಲ್ಲ. ಕಡಿಮೆ ಪ್ರಮಾಣದ ಮಾರ್ಫಿನ್ ಇಲ್ಲಿಯೂ ನೆರವಾಗುತ್ತದೆ, ವೈದ್ಯರನ್ನು ಕೇಳಿ.

8. ಊಟ ಬಿಟ್ಟಾಗ

"ಒಂದು ತುತ್ತಾದರೂ" ಎಂದು ಬಾಯಿಗೆ ತುರುಕುವುದು ಪ್ರೀತಿಯಿಂದಲೇ. ಆದರೆ ಸಾವು ಹತ್ತಿರವಾದಾಗ ದೇಹ ತಾನಾಗಿ ಆಹಾರವನ್ನು ಕಡಿಮೆ ಮಾಡುತ್ತದೆ. ಅವರು ಊಟ ಬಿಟ್ಟದ್ದರಿಂದ ಸಾಯುತ್ತಿಲ್ಲ, ಸಾಯುತ್ತಿರುವುದರಿಂದ ಊಟ ಬಿಟ್ಟಿದ್ದಾರೆ. ಇದನ್ನು ಒಪ್ಪಿಕೊಳ್ಳಲು ನಮ್ಮ ಅಮ್ಮನಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಒತ್ತಾಯದಿಂದ ತಿನ್ನಿಸಿದ್ದು ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಕೇಳಿದಾಗ, ಕೇಳಿದಷ್ಟು, ಪೂರ್ತಿ ಎಚ್ಚರವಿದ್ದಾಗ, ಕೂರಿಸಿ ಕೊಡಿ.

ಕೊನೆಯ ದಿನಗಳಲ್ಲಿ ಡ್ರಿಪ್ ಹಾಕಿಸಬೇಕೆಂಬ ಒತ್ತಡ ನೆಂಟರಿಂದ ಬರುತ್ತದೆ. ಆ ನೀರನ್ನು ಹೊರಹಾಕಲಾಗದ ದೇಹದಲ್ಲಿ ಕಾಲು ಊದುತ್ತದೆ, ಎದೆಯಲ್ಲಿ ಕಫ ಹೆಚ್ಚುತ್ತದೆ. ಮುಂದುವರಿದ ಮರೆವಿನ ಕಾಯಿಲೆಯಲ್ಲಿ ಮೂಗಿನ ಅಥವಾ ಹೊಟ್ಟೆಯ ನಳಿಕೆಯಿಂದ ಆಹಾರ ಕೊಡುವುದು ಆಯುಷ್ಯ ಹೆಚ್ಚಿಸಿದ್ದಕ್ಕೆ, ನ್ಯುಮೋನಿಯಾ ತಡೆದದ್ದಕ್ಕೆ ಪುರಾವೆಯಿಲ್ಲ. ಬಾಯಾರಿಕೆಯ ಸಂಕಟ ಬಹುಮಟ್ಟಿಗೆ ಬಾಯಿ ಒಣಗುವುದರಿಂದ ಬರುವುದು. ಅದಕ್ಕೆ ಪರಿಹಾರ ನಿಮ್ಮ ಕೈಯಲ್ಲೇ ಇದೆ: ಬೆರಳಿಗೆ ಮೆತ್ತನೆಯ ಹತ್ತಿ ಬಟ್ಟೆ ಸುತ್ತಿ, ನೀರಿನಲ್ಲಿ ಅದ್ದಿ ಹಿಂಡಿ, ಒಸಡು, ಕೆನ್ನೆಯ ಒಳಭಾಗ, ನಾಲಿಗೆಯನ್ನು ಒಂದೆರಡು ಗಂಟೆಗೊಮ್ಮೆ ಸವರಿ. ತುಟಿಗೆ ಮುಲಾಮು ಹಚ್ಚಿ. ಅಮ್ಮನಿಗೆ ಈ ಕೆಲಸ ಒಪ್ಪಿಸಿದ ಮೇಲೆ ಅವರು ತಟ್ಟೆ ಹಿಡಿದು ಬರುವುದನ್ನು ನಿಲ್ಲಿಸಿದರು.

9. ಮೈಯ ಆರೈಕೆ

ಹಾಸಿಗೆ ಹುಣ್ಣು ಬಂದ ಮೇಲೆ ವಾಸಿಮಾಡುವುದು ಕಷ್ಟ, ಬಾರದಂತೆ ತಡೆಯುವುದು ಸುಲಭ. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಗಾಳಿ ಹಾಸಿಗೆ ಇದ್ದರೂ ಸಹ. ಎಳೆಯಬೇಡಿ, ಕೆಳಗೆ ಹಾಸಿದ ಬಟ್ಟೆಯನ್ನು ಎರಡೂ ಕಡೆ ಹಿಡಿದು ಇಬ್ಬರು ಎತ್ತಿ ಸರಿಸಿ. ಬೆನ್ನಿನ ಕೆಳತುದಿ, ಸೊಂಟದ ಮಗ್ಗುಲು, ಹಿಮ್ಮಡಿ, ಮೊಣಕೈಗಳನ್ನು ದಿನವೂ ನೋಡಿ. ಕೆಂಪಾದ ಜಾಗವನ್ನು ಉಜ್ಜಬೇಡಿ. ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಿ. ತೀರಾ ಕೊನೆಯ ದಿನಗಳಲ್ಲಿ ಹೊರಳಿಸುವುದೇ ಹಿಂಸೆಯಾದರೆ ಈ ಗಡಿಯಾರವನ್ನು ಸಡಿಲಿಸಬಹುದು.

10. ನೀವು

ಒಬ್ಬರೇ ಎಲ್ಲ ಮಾಡಲು ಹೋಗಬೇಡಿ. ರಾತ್ರಿ ಸರದಿಯನ್ನು ಹಂಚಿಕೊಳ್ಳಿ. "ಏನಾದರೂ ಬೇಕಿದ್ದರೆ ಹೇಳಿ" ಎಂದವರಿಗೆ ಹೆಸರು ಹಿಡಿದು ಕೆಲಸ ಹೇಳಿ: ಗುರುವಾರ ಮಧ್ಯಾಹ್ನ ಎರಡು ಗಂಟೆ ಕೂರುವುದು, ಔಷಧ ತರುವುದು. ಮನೆಯಲ್ಲಿ ಸಂಭಾಳಿಸಲಾಗದ ಸ್ಥಿತಿ ಬಂದು ಹಾಸ್ಪಿಸ್‌ಗೆ ಸೇರಿಸಬೇಕಾದರೆ ಅದು ಕೈಬಿಟ್ಟಂತಲ್ಲ. ಅಲ್ಲಿ ಔಷಧದ ಚಿಂತೆ ಅವರದಾಗುತ್ತದೆ, ನೀವು ಮತ್ತೆ ಮಗಳಾಗಿ, ಮಗನಾಗಿ ಪಕ್ಕದಲ್ಲಿ ಕೂರಬಹುದು.

11. ಕೊನೆಯ ಗಂಟೆಗಳು

ಏನು ಕಾಣುತ್ತದೆಂದು ಮೊದಲೇ ತಿಳಿದಿದ್ದರೆ ಗಾಬರಿಯಿಂದ ಆಂಬುಲೆನ್ಸ್ ಕರೆಯುವುದು ತಪ್ಪುತ್ತದೆ. ದಿನದ ಹೆಚ್ಚು ಹೊತ್ತು ನಿದ್ದೆ. ಮೂತ್ರ ಕಡಿಮೆಯಾಗಿ ಬಣ್ಣ ಗಾಢವಾಗುತ್ತದೆ. ಕೈಕಾಲು ತಣ್ಣಗಾಗುತ್ತವೆ, ಮೊಣಕಾಲು, ಪಾದಗಳ ಮೇಲೆ ನೀಲಿ ಮಿಶ್ರಿತ ಕಲೆಗಳು ಮೂಡುತ್ತವೆ. ಉಸಿರು ಜೋರಾಗಿ, ಮೆಲ್ಲಗಾಗಿ, ಸ್ವಲ್ಪ ಹೊತ್ತು ನಿಂತು, ಮತ್ತೆ ಶುರುವಾಗುತ್ತದೆ. ಕೆಲವರು ಒಂದೆರಡು ದಿನ ಮುಂಚೆ ಥಟ್ಟನೆ ಚೇತರಿಸಿಕೊಂಡಂತೆ ಎದ್ದು ಕೂತು ಮಾತಾಡುತ್ತಾರೆ. ಆಗ ಹತ್ತಿರದವರನ್ನು ಬರಹೇಳಿ.

ಗಂಟಲಲ್ಲಿ ಗೊರಗೊರ ಸದ್ದು ಬರಬಹುದು. ನುಂಗಲಾಗದ ಜೊಲ್ಲು, ಕಫದಿಂದ ಆಗುವ ಸದ್ದು ಅದು. ಕೇಳುವವರಿಗೆ ಕರುಳು ಕಿವುಚುತ್ತದೆ, ಅರಿವು ಮಸುಕಾಗಿರುವ ರೋಗಿಗೆ ಅದರಿಂದ ಯಾತನೆಯಾಗುತ್ತಿರುವ ಸಂಭವ ಕಡಿಮೆ. ಒಂದು ಮಗ್ಗುಲಿಗೆ ತಿರುಗಿಸಿ. ಗಂಟಲೊಳಗೆ ನಳಿಕೆ ಹಾಕಿ ಎಳೆಸುವುದರಿಂದ ಹಿಂಸೆಯೇ ಹೆಚ್ಚು.

ಮಾತಾಡುವುದನ್ನು ನಿಲ್ಲಿಸಬೇಡಿ. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾವಿನ ಅಂಚಿನಲ್ಲಿ ಪ್ರತಿಕ್ರಿಯೆ ನಿಂತಿದ್ದ ಕೆಲವರ ಮಿದುಳು ಶಬ್ದಗಳಿಗೆ ಇನ್ನೂ ಸ್ಪಂದಿಸುತ್ತಿದ್ದುದು ಕಂಡುಬಂದಿತ್ತು. ಅರ್ಥವಾಗುತ್ತಿತ್ತೇ ಎಂದು ಯಾರೂ ಹೇಳಲಾರರು. ಆದರೂ ಹೇಳಬೇಕಾದದ್ದನ್ನು ಕಿವಿಯ ಹತ್ತಿರ ಹೇಳಿ. ಜಗಳ, ಹಣದ ಲೆಕ್ಕ, ಅಂತ್ಯಕ್ರಿಯೆಯ ಏರ್ಪಾಡಿನ ಮಾತುಗಳು ಬೇರೆ ಕೋಣೆಯಲ್ಲಿರಲಿ.

12. ಉಸಿರು ನಿಂತ ಮೇಲೆ

ಅವಸರವೇನೂ ಇಲ್ಲ. ಸಮಯ ನೋಡಿ ಬರೆದಿಡಿ. ರೆಪ್ಪೆಗಳನ್ನು ಮೆಲ್ಲಗೆ ಒತ್ತಿ ಮುಚ್ಚಿ, ಗದ್ದದ ಕೆಳಗೆ ಮಡಿಸಿದ ಬಟ್ಟೆ ಇಡಿ, ಕೈಕಾಲು ನೇರ ಮಾಡಿ. ಕೆಲವು ಗಂಟೆಗಳಲ್ಲಿ ಮೈ ಸೆಟೆಯತೊಡಗುತ್ತದೆ. ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಪಕ್ಕದಲ್ಲಿ ಕುಳಿತುಕೊಳ್ಳಿ, ಆಮೇಲೆ ವೈದ್ಯರಿಗೆ ಫೋನ್ ಮಾಡಿ. ಮನೆಯಲ್ಲಿ ಸಾವು ಸಂಭವಿಸಿದರೆ ಯಾವ ವೈದ್ಯರು ಬಂದು ದೃಢೀಕರಿಸುತ್ತಾರೆ, ಮರಣ ಪ್ರಮಾಣಪತ್ರಕ್ಕೆ ಯಾವ ಕಾಗದಗಳು ಬೇಕು ಎಂಬುದನ್ನು ವಾರಗಳ ಮೊದಲೇ ವಿಚಾರಿಸಿಟ್ಟಿರಬೇಕು. ಗುರುತಿನ ಚೀಟಿ, ಚಿಕಿತ್ಸೆಯ ದಾಖಲೆಗಳ ಪ್ರತಿ ಒಂದೇ ಲಕೋಟೆಯಲ್ಲಿ ಇರಲಿ.

ಉಳಿದ ಮಾರ್ಫಿನ್ ಮತ್ತು ನೋವಿನ ಅಂಟುಪಟ್ಟಿಗಳನ್ನು ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಬೇರೆ ರೋಗಿಗೂ ಕೊಡಬೇಡಿ. ಎಣಿಸಿ, ನೋಟ್‌ಬುಕ್ಕಿನಲ್ಲಿ ಬರೆದು, ಕೊಟ್ಟವರಿಗೇ ಮರಳಿಸಿ ಸಹಿ ಪಡೆಯಿರಿ. ಬಳಸಿ ತೆಗೆದ ಪಟ್ಟಿಯಲ್ಲೂ ಔಷಧ ಉಳಿದಿರುತ್ತದೆ, ಅಂಟಿನ ಬದಿ ಒಳಗಾಗುವಂತೆ ಮಡಿಸಿ ಮಕ್ಕಳ ಕೈಗೆ ಸಿಗದಂತೆ ಇಟ್ಟು ಅದನ್ನೂ ಕೊಟ್ಟುಬಿಡಿ. ಬಾಡಿಗೆ ಮಂಚವನ್ನು ಒಯ್ಯಲು ಮರುದಿನವೇ ಬರಹೇಳಬೇಕಾಗಿಲ್ಲ. ನಾವು ಹನ್ನೊಂದು ದಿನ ಇಟ್ಟುಕೊಂಡಿದ್ದೆವು, ಅಮ್ಮ ಮಧ್ಯಾಹ್ನ ಅದರ ಮೇಲೆ ಮಲಗುತ್ತಿದ್ದರು.